ಕೆಲಸ ಹೋದರೆ ಇಎಸ್‌ಐನಿಂದ ದುಡ್ಡು ಸಿಗುವುದು ನಿಜವೇ? ಏಜೆಂಟ್ 3,000 ಕೇಳುತ್ತಿದ್ದಾನೆ

ನೀವು ಕೇಳಿದ್ದು ಇಷ್ಟು: ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್‌ನಲ್ಲಿ ಮೂರು ವರ್ಷ ಟೈಲರ್ ಆಗಿದ್ದಿರಿ. ಸಂಬಳ 13,000. ಆರ್ಡರ್ ಇಲ್ಲ ಅಂತ ಒಂದು ಲೈನ್ ಪೂರ್ತಿ ನಿಲ್ಲಿಸಿ ನಿಮ್ಮನ್ನೆಲ್ಲ ಮನೆಗೆ ಕಳಿಸಿ 40 ದಿನ ಆಯಿತು. ಸಂಬಳದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ದುಡ್ಡು, ಕಟ್ ಆಗುತ್ತಿತ್ತು. ಈಗ ಒಬ್ಬ ಏಜೆಂಟ್, 3,000 ಕೊಟ್ಟರೆ ನಿರುದ್ಯೋಗದ ದುಡ್ಡು ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾನೆ. ನಿಜವೋ ಮೋಸವೋ?

ದುಡ್ಡು ಸಿಗುವುದು ನಿಜ. ಏಜೆಂಟ್ ಬೇಡವೇ ಬೇಡ. 2020ರಲ್ಲಿ ನಾನೇ ತೆಗೆದುಕೊಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಇದರ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಬಾಯಲ್ಲಿ ನಿಲ್ಲುವ ಹೆಸರಲ್ಲ, ಆಫೀಸಿನಲ್ಲಿ 'ಅಟಲ್ ಸ್ಕೀಮ್' ಅಂದರೆ ಗೊತ್ತಾಗುತ್ತದೆ. ಇಎಸ್‌ಐ ಅಂದರೆ ನಮಗೆಲ್ಲ ಆಸ್ಪತ್ರೆಯೊಂದೇ ನೆನಪಿಗೆ ಬರೋದು. ಕೆಲಸ ಹೋದಾಗ ಕೊಡುವ ಪರಿಹಾರವೂ ಅದರಲ್ಲೇ ಇದೆ ಅಂತ ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನಮ್ಮ ರಾಜ್ಯದ ಯುವನಿಧಿ ಜೊತೆ ಇದನ್ನು ಕಲಸಿಕೊಳ್ಳಬೇಡಿ. ಅದು ಡಿಗ್ರಿ, ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಕೂತವರಿಗೆ. ಪಿಎಫ್ ಕೂಡ ಬೇರೆ. ಅದು ನಿಮ್ಮದೇ ಉಳಿತಾಯ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊದಲು ನಿಮಗೆ ಬರುತ್ತದೋ ಇಲ್ಲವೋ ನೋಡೋಣ. ಕೆಲಸ ಹೋಗುವ ಮುಂಚೆ ಕನಿಷ್ಠ ಎರಡು ವರ್ಷ ಇಎಸ್‌ಐನಲ್ಲಿ ಇದ್ದಿರಬೇಕು. ನಿಮ್ಮದು ಮೂರು ಆಗಿದೆ. ಇಎಸ್‌ಐನವರ ಲೆಕ್ಕದಲ್ಲಿ ವರ್ಷಕ್ಕೆ ಎರಡು ಭಾಗ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವುದಕ್ಕೆ ಹಿಂದಿನ ಭಾಗದಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಅದಕ್ಕೂ ಹಿಂದಿನ ಮೂರು ಭಾಗಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ. ತಿಂಗಳಾನುಗಟ್ಟಲೆ ರಜೆ ಹಾಕಿಲ್ಲ ಅಂದರೆ ಇದೇನೂ ಕಷ್ಟವಿಲ್ಲ. ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ಕೆಲಸದಿಂದ ತೆಗೆದವರಿಗೆ, ರಿಟೈರ್ ಆದವರಿಗೆ, ತಾವಾಗಿ ನಿವೃತ್ತಿ ತೆಗೆದುಕೊಂಡವರಿಗೆ ಸಿಗುವುದಿಲ್ಲ. ಮೊದಲು ಕೆಲಸ ಹೋಗಿ 90 ದಿನ ಕಾಯಬೇಕಿತ್ತು. 2020ರಲ್ಲಿ ಅದನ್ನು 30ಕ್ಕೆ ಇಳಿಸಿದರು. ನಿಮ್ಮದು 40 ದಾಟಿದೆ.

ಎಷ್ಟು ಬರುತ್ತದೆ? ನನ್ನ ಲೆಕ್ಕ ಹೇಳುತ್ತೇನೆ, ಸುಲಭವಾಗಿದೆ. ನಾನು ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಮಷೀನ್ ಆಪರೇಟರ್. ಸಂಬಳ 14,600. ಎರಡು ವರ್ಷವೂ ಅಷ್ಟೇ, ಇನ್‌ಕ್ರಿಮೆಂಟ್ ಅನ್ನೋದು ನಮ್ಮ ಶಾಪ್ ಬಾಗಿಲಿಗೇ ಬರಲಿಲ್ಲ. ನಾಲ್ಕು ಭಾಗಗಳ, ಅಂದರೆ ಎರಡು ವರ್ಷದ ಸಂಬಳ ಪೂರ್ತಿ ಕೂಡಿ 730ರಿಂದ ಭಾಗಿಸುತ್ತಾರೆ. ನನ್ನದು ದಿನಕ್ಕೆ 480 ಬಂತು. ಅದರಲ್ಲಿ ಅರ್ಧ, 240. ಹೆಚ್ಚೆಂದರೆ 90 ದಿನಕ್ಕೆ ಕೊಡುತ್ತಾರೆ. ಒಟ್ಟು 21,600. ಎರಡು ವರ್ಷವೂ 13,000 ಇದ್ದಿದ್ದರೆ ಇದೇ ಲೆಕ್ಕದಲ್ಲಿ ನಿಮಗೆ ಸುಮಾರು 19,000 ಆಗುತ್ತದೆ. ನಡುವೆ ಬೇರೆ ಕೆಲಸ ಸಿಕ್ಕರೆ ಅಲ್ಲಿಯವರೆಗಿನ ದಿನಗಳಿಗೆ ಮಾತ್ರ. ಮತ್ತೆ ಈ 90 ದಿನ ಅನ್ನೋದು ಜೀವಮಾನಕ್ಕೆ.

ಒಂದು ವಿಷಯ ಗಮನದಲ್ಲಿರಲಿ. 2018ರ ಜುಲೈ 1ಕ್ಕೆ ಇದನ್ನು ಪ್ರಯೋಗ ಅಂತ ಶುರು ಮಾಡಿದಾಗ ದಿನಗೂಲಿಯ ಶೇ. 25 ಮಾತ್ರ ಇತ್ತು. ಕೊರೊನಾ ಸಮಯದಲ್ಲಿ ಶೇ. 50 ಮಾಡಿದರು. ಕಾಯಂ ಯೋಜನೆ ಅಲ್ಲ, ಗಡುವು ಮುಗಿದ ಹಾಗೆ ಮುಂದುವರಿಸುತ್ತಾ ಬಂದಿದ್ದಾರೆ. ಹಾಗಾಗಿ ನೀವು ಅರ್ಜಿ ಹಾಕುವ ದಿನ ಯೋಜನೆ ಇನ್ನೂ ಇದೆಯೇ, ಯಾವ ದರ ನಡೆಯುತ್ತಿದೆ ಅಂತ ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಕೇಳಿಯೇ ಲೆಕ್ಕ ಹಾಕಿಕೊಳ್ಳಿ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಫಾರಂ ತುಂಬುವುದು ಹತ್ತು ನಿಮಿಷದ ಕೆಲಸ. ಸಿಕ್ಕಿಹಾಕಿಕೊಳ್ಳೋದು, ನೀವು ಯಾಕೆ ಕೆಲಸ ಬಿಟ್ಟಿರಿ ಅಂತ ಕಂಪನಿ ಏನು ಬರೆದಿದೆ ಅನ್ನೋದರಲ್ಲಿ.

ಪ್ರತಿ ತಿಂಗಳು ಕಂಪನಿಯವರು ಇಎಸ್‌ಐ ಕಟ್ಟುವಾಗ, ಬಿಟ್ಟುಹೋದವರ ಹೆಸರಿನ ಮುಂದೆ ಒಂದು ಕಾರಣ ಆರಿಸಬೇಕು. ಅದರಲ್ಲಿ 'ರಿಟ್ರೆಂಚ್‌ಮೆಂಟ್' (ಕಂಪನಿಯೇ ಆಳು ಕಡಿತ ಮಾಡಿದ್ದು) ಇದೆ, 'ನೋ ವರ್ಕ್' (ಕೆಲಸ ಇಲ್ಲ) ಇದೆ, 'ಲೆಫ್ಟ್ ಸರ್ವೀಸ್' (ಕೆಲಸ ಬಿಟ್ಟುಹೋದರು) ಕೂಡ ಇದೆ. ಅಕೌಂಟ್ಸ್‌ನವರು ಹೆಚ್ಚು ತಲೆಕೆಡಿಸಿಕೊಳ್ಳದೆ ಎಲ್ಲರಿಗೂ 'ಲೆಫ್ಟ್ ಸರ್ವೀಸ್' ಒತ್ತಿಬಿಡುತ್ತಾರೆ. ನಮಗೂ ಹಾಗೇ ಆಯಿತು. 2020ರ ಜೂನ್ ಕೊನೆಗೆ ನಮ್ಮನ್ನು ಹನ್ನೊಂದು ಜನರನ್ನು ಕರೆದು, ರಾಜೀನಾಮೆ ಬರೆದುಕೊಟ್ಟರೆ ಸೆಟ್ಲ್‌ಮೆಂಟ್ ಬೇಗ ಆಗುತ್ತದೆ ಅಂದರು. ಎಲ್ಲರೂ 'ವೈಯಕ್ತಿಕ ಕಾರಣದಿಂದ' ಅಂತ ಬರೆದು ಸಹಿ ಹಾಕುತ್ತಿದ್ದರು. ನನ್ನ ಪಕ್ಕದ ಮಷೀನಿನ ಹಿರಿಯರೊಬ್ಬರಿದ್ದರು, ಯೂನಿಯನ್ ಎಲ್ಲ ಕಂಡವರು. ಅವರು ಕಿವಿಯಲ್ಲಿ, "ನಿಜ ಏನೋ ಅದನ್ನೇ ಬರಿ ಮಾರಾಯ. ಫೋಟೊ ತೆಕ್ಕೋ" ಅಂದರು. ನಾನು 'ಕಂಪನಿಯಲ್ಲಿ ಕೆಲಸ ಇಲ್ಲ ಎಂದು ಹೇಳಿದ್ದರಿಂದ' ಅಂತ ಬರೆದೆ. ಎಚ್‌ಆರ್ ಮುಖ ಸಿಂಡರಿಸಿದರು, ಆದರೂ ತೆಗೆದುಕೊಂಡರು.

ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದೆ. ಹದಿನೈದು ದಿನದಲ್ಲಿ ಇತ್ಯರ್ಥ ಅಂತ ಪೇಪರಿನಲ್ಲಿ ಬಂದಿತ್ತು. ನನಗೆ ಎರಡು ತಿಂಗಳು ಹಿಡಿಯಿತು. ಬ್ರಾಂಚ್‌ನವರು ನೋಡಿದರೆ ದಾಖಲೆಯಲ್ಲಿ 'ಲೆಫ್ಟ್ ಸರ್ವೀಸ್'. ಕಂಪನಿಗೆ ಪತ್ರ ಹೋಯಿತು, ಉತ್ತರ ಬರಲಿಲ್ಲ. ಮೂರನೇ ಸಲ ಹೋದಾಗ ಮೊಬೈಲಿನಲ್ಲಿದ್ದ ಆ ಫೋಟೊ ತೋರಿಸಿದೆ. ಅಲ್ಲಿದ್ದ ಮ್ಯಾನೇಜರ್ ಅದರ ಪ್ರಿಂಟ್ ತರಿಸಿ ಫೈಲಿಗೆ ಹಾಕಿ, ಕಂಪನಿಗೆ ತಾವೇ ಫೋನ್ ಮಾಡಿದರು. ವಾರದಲ್ಲಿ ದುಡ್ಡು ಬಂತು. 'ವೈಯಕ್ತಿಕ ಕಾರಣ' ಅಂತ ಬರೆದಿದ್ದವರಲ್ಲಿ ಇಬ್ಬರು ಅಲೆದು ಅಲೆದು ಬಿಟ್ಟುಬಿಟ್ಟರು.

ಅದಕ್ಕೇ ಕೇಳುತ್ತಿದ್ದೇನೆ, ನೀವು ಏನು ಬರೆದುಕೊಟ್ಟಿದ್ದೀರಿ? ಏನೂ ಬರೆದುಕೊಟ್ಟಿಲ್ಲ ಅಂದರೆ ಒಳ್ಳೆಯದು, ಇನ್ನು ಮೇಲೂ ಕೊಡಬೇಡಿ. ಲೈನ್ ನಿಲ್ಲಿಸಿದ್ದೇವೆ ಅಂತ ನೋಟಿಸ್ ಅಂಟಿಸಿದ್ದರೆ, ವಾಟ್ಸಾಪ್ ಗ್ರೂಪಿನಲ್ಲಿ ಸೂಪರ್‌ವೈಸರ್ ಹಾಕಿದ್ದರೆ, ಅದನ್ನು ಜೋಪಾನವಾಗಿಡಿ. ಜೊತೆಗಿದ್ದವರು ನಾಲ್ಕೈದು ಜನ ಒಟ್ಟಿಗೆ ಹೋದರೆ ಇನ್ನೂ ವಾಸಿ. ಒಂದೇ ದಿನ ಒಂದೇ ಲೈನಿನವರೆಲ್ಲ ಸ್ವಂತ ಇಷ್ಟದಿಂದ ಬಿಟ್ಟರು ಅಂದರೆ ಯಾರು ನಂಬುತ್ತಾರೆ, ಅಲ್ವಾ?

ಎರಡನೇ ಕಾಟ ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಎಲ್ಲ ಇರುತ್ತದೆ. ಇಎಸ್‌ಐನಲ್ಲಿ ಬರೀ ಒಂದು ಅಕ್ಷರ. ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚಿನ ಹೆಸರು, ಆಮೇಲಿನ ಹೆಸರು ಬೇರೆ. ಮೊದಲು ಅದನ್ನು ಸರಿ ಮಾಡಿಸಿ. ಬ್ಯಾಂಕ್ ಖಾತೆಯೂ ಅಷ್ಟೇ. ನನ್ನದು ಹಳೆಯ ವಿಜಯಾ ಬ್ಯಾಂಕ್ ಖಾತೆ. ಅದು 2019ರಲ್ಲೇ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಗಿತ್ತು, ನನ್ನ ಕೈಲಿದ್ದದ್ದು ಹಳೇ ಪಾಸ್‌ಬುಕ್. ಹೊಸದು ಮಾಡಿಸಿಕೊಂಡೇ ಅರ್ಜಿ ಹಾಕಿದೆ. ನಿಮ್ಮದು ಸಿಂಡಿಕೇಟ್, ಕಾರ್ಪೊರೇಷನ್ ಆಗಿದ್ದರೂ ಇದೇ ಮಾತು.

ಇನ್ನು ಅರ್ಜಿ. ಇಎಸ್‌ಐ ನಡೆಸುವ ನಿಗಮದ, ಅಂದರೆ ಇಎಸ್‌ಐಸಿಯ, ವೆಬ್‌ಸೈಟಿನಲ್ಲಿ ವಿಮಾದಾರರ ಲಾಗಿನ್ ಇದೆ. ನಿಮ್ಮ ಹತ್ತು ಅಂಕಿಯ ಇಎಸ್‌ಐ ನಂಬರ್ ಹಾಕಿ ಒಳಗೆ ಹೋದರೆ ಅಟಲ್ ಯೋಜನೆಯ ಕ್ಲೇಮ್ ಅಂತ ಸಿಗುತ್ತದೆ. ತುಂಬಿ, ಆಧಾರ್ ಮತ್ತು ಪಾಸ್‌ಬುಕ್ ಸ್ಕ್ಯಾನ್ ಸೇರಿಸಿ. ಸ್ಕ್ಯಾನ್ ಹಾಕಲು ಆಗಲಿಲ್ಲ ಅಂದರೆ ಪ್ರಿಂಟ್ ತೆಗೆದು, ಸಹಿ ಮಾಡಿ, ಜೆರಾಕ್ಸ್ ಜೊತೆ ಬ್ರಾಂಚ್ ಆಫೀಸಿಗೆ ಕೊಡಿ. ನಾನು ಹಾಕುವಾಗ 20 ರೂಪಾಯಿ ಛಾಪಾ ಕಾಗದದಲ್ಲಿ ಅಫಿಡವಿಟ್ ಬೇರೆ ಕೇಳುತ್ತಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ ತೆಗೆದುಹಾಕಿದರು. ಏಜೆಂಟ್ 'ಅಫಿಡವಿಟ್ ಖರ್ಚು' ಅಂತ ಏನಾದರೂ ಹೇಳಿದ್ದರೆ ಅದು ಸುಳ್ಳು ಲೆಕ್ಕ. ಕಂಪನಿಯ ಸಹಿಗಾಗಿ ಅಲೆಯುವುದೂ ಬೇಕಿಲ್ಲ, ನೇರವಾಗಿ ನೀವೇ ಕೊಡಬಹುದು.

ಬ್ರಾಂಚ್ ಆಫೀಸ್ ಅಂದರೆ ಡಿಸ್ಪೆನ್ಸರಿ ಅಲ್ಲ. ನಾನು ಮೊದಲ ದಿನ ಡಿಸ್ಪೆನ್ಸರಿಯ ಸಾಲಿನಲ್ಲಿ ಒಂದು ಗಂಟೆ ನಿಂತಿದ್ದೆ, ಮಾತ್ರೆ ಕೊಡುವ ಕಿಟಕಿ ಹತ್ತಿರ ಹೋದ ಮೇಲೆ ಗೊತ್ತಾಯಿತು. ನಿಮ್ಮ ಇ-ಪೆಹಚಾನ್ ಕಾರ್ಡ್ (ಇಎಸ್‌ಐ ಗುರುತಿನ ಚೀಟಿ) ತೋರಿಸಿ ಕೇಳಿದರೆ ಯಾವ ಬ್ರಾಂಚ್ ಅಂತ ಹೇಳುತ್ತಾರೆ. ಇಎಸ್‌ಐಸಿಯ ಉಚಿತ ನಂಬರ್ 1800-11-2526ಕ್ಕೂ ಕೇಳಬಹುದು. ಪರಿಹಾರ ಪಡೆಯುವ ಅವಧಿಯಲ್ಲಿ ಆಸ್ಪತ್ರೆ ಸೌಲಭ್ಯವೂ ಇರುತ್ತದೆ. ಮನೆಯಲ್ಲಿ ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಅದನ್ನೂ ಅಲ್ಲೇ ವಿಚಾರಿಸಿ.

ಇನ್ನೊಂದು. ಕಾರ್ಖಾನೆಯೇ ಮುಚ್ಚಿದ್ದರೆ, ಅಥವಾ ಕಾನೂನು ಪ್ರಕಾರ ರಿಟ್ರೆಂಚ್‌ಮೆಂಟ್ ಪತ್ರ ಕೊಟ್ಟಿದ್ದರೆ, ಅಟಲ್ ಸ್ಕೀಮಿಗೆ ಮೊದಲು ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಬಗ್ಗೆ ಕೇಳಿ. 2005ರಿಂದ ಇದೆ. ಅದರಲ್ಲಿ 24 ತಿಂಗಳವರೆಗೆ ಸಿಗುತ್ತದೆ, ಮೊದಲ ವರ್ಷ ಅರ್ಧ, ಎರಡನೇ ವರ್ಷ ಕಾಲು ಭಾಗ. ಎರಡೂ ಒಟ್ಟಿಗೆ ಬರುವುದಿಲ್ಲ. ನಿಮ್ಮದು ಒಂದೇ ಲೈನ್ ನಿಂತಿರುವುದರಿಂದ ಪತ್ರ ಇಲ್ಲದೆ ಇದು ಕಷ್ಟ, ಆದರೂ ಕೇಳುವುದಕ್ಕೆ ಕಾಸು ಕೊಡಬೇಕಿಲ್ಲ.

ನಮ್ಮ ಮನೆಯಲ್ಲಿ ಅಮ್ಮನಿಗೆ ಮೊದಲು ಇದು ಇಷ್ಟವಿರಲಿಲ್ಲ, ಸರ್ಕಾರದ ಹತ್ತಿರ ಕೈಚಾಚೋದು ಅಂತ. ಪೇ ಸ್ಲಿಪ್ ತೋರಿಸಿದೆ. ತಿಂಗಳಿಗೆ 110 ರೂಪಾಯಿ ನನ್ನದು, ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ ಕಂಪನಿಯದು, ಕಟ್ಟಿದ್ದು ಯಾತಕ್ಕೆ? ನಿಮ್ಮ ಸ್ಲಿಪ್‌ನಲ್ಲೂ 98 ರೂಪಾಯಿ ಅಂತ ಇರಬೇಕು, ನೋಡಿ. ಆ ಸ್ಲಿಪ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ಸೋಮವಾರ ಮಾತ್ರ ಬೇಡ, ವಿಪರೀತ ರಶ್ ಇರುತ್ತದೆ.