ಮೇಷ್ಟ್ರನ್ನ ಕೇಳಿ: ಛೆಟ್ರಿ ವಯಸ್ಸು, ನಮ್ಮ ಮುಷ್ಕರ, ಖಾಲಿ ಬೆಂಚು

(ಈ ಸಲ ಓದುಗರಿಗೆ ಉತ್ತರ ಕೊಡ್ತಿರೋರು ಸರ್ಕಾರಿ ಹೈಸ್ಕೂಲಿನ ಗಣಿತ ಮೇಷ್ಟ್ರು. ವಾರವೆಲ್ಲ ಪಾಠ, ಬೆಂಗಳೂರು ಫುಟ್‌ಬಾಲ್ ಕ್ಲಬ್ ಅಂದ್ರೆ ಬಿಎಫ್‌ಸಿ ಮ್ಯಾಚ್ ಇದ್ದ ಸಂಜೆ ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಗಂಟಲು ಹರಿಯೋ ಹಾಗೆ ಕೂಗಾಟ. ಪ್ರಶ್ನೆ ಕಳಿಸಿದವರು ಹೆಸರು ಬೇಡ ಅಂದಿದ್ದಕ್ಕೆ ಊರು ಮಾತ್ರ ಹಾಕಿದೀವಿ.)

ಆಸ್ಟಿನ್ ಟೌನ್, ಬೆಂಗಳೂರು: ಸರ್, ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿ 2024ರಲ್ಲಿ ಕೋಲ್ಕತ್ತಾದಲ್ಲಿ ಕಣ್ಣೀರು ಹಾಕ್ಕೊಂಡು ಇಂಡಿಯಾ ಟೀಮಿಗೆ ವಿದಾಯ ಹೇಳಿದ್ರು, ವರ್ಷ ತುಂಬೋದ್ರೊಳಗೆ ವಾಪಸ್ ಬಂದ್ರು, 2027ರ ಏಷ್ಯನ್ ಕಪ್ ಅರ್ಹತೆ ಕೈತಪ್ಪಿದ ಮೇಲೆ ಮತ್ತೆ ಬಿಟ್ರು. ಮರ್ಯಾದೆಯಾಗಿ ಒಂದೇ ಸಲ ಬಿಡಬಾರದಿತ್ತಾ?

ಬಿಡಬಹುದಿತ್ತು, ಆದ್ರೆ ವಾಪಸ್ ಕರೆದಿದ್ದು ಯಾರು, ಯಾಕೆ ಕರೆದ್ರು ಅನ್ನೋದನ್ನ ಯಾರೂ ಕೇಳಲ್ಲ ನೋಡಿ. 2024 ಜೂನ್ 6ಕ್ಕೆ ಸಾಲ್ಟ್ ಲೇಕ್‌ನಲ್ಲಿ ಕುವೈತ್ ಜೊತೆ 0-0 ಆಡಿ ಹೊರಟಾಗ ಅವರ ಲೆಕ್ಕ 151 ಮ್ಯಾಚು, 94 ಗೋಲು. ಆ ವರ್ಷ ಪೂರ್ತಿ ಇಂಡಿಯಾ ಒಂದೇ ಒಂದು ಮ್ಯಾಚ್ ಗೆಲ್ಲಲಿಲ್ಲ. ಕೋಚ್ ಮನೋಲೋ ಮಾರ್ಕೆಜ್ ಎಲ್ಲ ಹುಡುಗರನ್ನೂ ನೋಡಿ ಕೊನೆಗೆ ನಲವತ್ತು ದಾಟಿದ ಮನುಷ್ಯನಿಗೇ ಫೋನ್ ಮಾಡಿದ್ರು, 2025 ಮಾರ್ಚ್‌ನಲ್ಲಿ ಶಿಲ್ಲಾಂಗಲ್ಲಿ ಮಾಲ್ಡೀವ್ಸ್ ಮೇಲೆ 3-0 ಗೆದ್ವಿ, ಮೂರನೇದು ಛೆಟ್ರಿ ತಲೇಲಿ ಹೊಡೆದಿದ್ದು, 95ನೇ ಗೋಲು. ಅಷ್ಟೇ. ಆಮೇಲೆ ಬಾಂಗ್ಲಾ ಜೊತೆ 0-0, ಹಾಂಗ್‌ಕಾಂಗಲ್ಲಿ ಸೋಲು, ಅಕ್ಟೋಬರ್‌ನಲ್ಲಿ ಮಡಗಾಂವಲ್ಲಿ ಸಿಂಗಾಪುರದ ಕೈಲಿ 1-2, ಅಲ್ಲಿಗೆ ಕಥೆ ಮುಗೀತು.

ನಾನು ಕುರುಡು ಅಭಿಮಾನಿ ಅಲ್ಲ. 2024 ಜನವರಿಯಲ್ಲಿ ಕತಾರ್ ಏಷ್ಯನ್ ಕಪ್‌ನಲ್ಲಿ ಮೂರು ಮ್ಯಾಚಲ್ಲಿ ಮೂರೂ ಸೋತು ಒಂದು ಗೋಲೂ ಹೊಡೀದೆ ಬಂದಾಗಲೇ ಗೊತ್ತಾಗಿತ್ತು, ಆಸ್ಟ್ರೇಲಿಯಾ, ಉಜ್ಬೇಕಿಸ್ತಾನದಂಥ ಡಿಫೆಂಡರ್‌ಗಳ ಮುಂದೆ ಅವರ ಕಾಲು ಮೊದಲಿನ ಹಾಗೆ ಓಡಲ್ಲ ಅಂತ. ದೇಶದ ಜೆರ್ಸಿ ಅಲ್ಲೇ ಕಳಚಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಪಕ್ಕದ ಸೀಟಿನವರು ಇದಕ್ಕೆ ನನ್ನ ಜೊತೆ ಮಾತು ಬಿಟ್ಟಿದಾರೆ, ಇರಲಿ. ಆದ್ರೆ ಕ್ಲಬ್ಬಿನ, ಅಂದ್ರೆ ನಮ್ಮ ಬಿಎಫ್‌ಸಿ ಲೆಕ್ಕ ಬೇರೆ. 2024-25ರ ಇಂಡಿಯನ್ ಸೂಪರ್ ಲೀಗ್, ಅಂದ್ರೆ ಐಎಸ್ಎಲ್‌ನಲ್ಲಿ 14 ಗೋಲು, ಇಂಡಿಯನ್ನರಲ್ಲಿ ಯಾರೂ ಅಷ್ಟು ಹೊಡೆದಿಲ್ಲ. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್, ನಲವತ್ತು ತುಂಬಿ ನಾಲ್ಕು ತಿಂಗಳಾಗಿತ್ತು ಆಗ. ಸೆಮಿಫೈನಲ್‌ನಲ್ಲಿ ಇಲ್ಲಿ 0-2 ಸೋತಿದ್ದ ಗೋವಾದವರು ಆ ಬಾಕಿನ ಅವರ ಊರಲ್ಲಿ ತೀರಿಸಿ ಇನ್ನೇನು ಎಕ್ಸ್‌ಟ್ರಾ ಟೈಮ್ ಅನ್ನೋವಾಗ ಇಂಜುರಿ ಟೈಮಲ್ಲಿ ಛೆಟ್ರಿಯ ಆ ಹೆಡ್ಡರ್. ಐದಡಿ ಏಳಿಂಚಿನ ಆಸಾಮಿ, ಅಷ್ಟು ಎತ್ತರದ ಡಿಫೆಂಡರ್‌ಗಳ ನಡುವೆ ಎಲ್ಲಿಂದ ಏಳ್ತಾರೋ ದೇವರಿಗೇ ಗೊತ್ತು.

ಈಗ ನೀವು ನಿಜವಾಗಿ ಕೇಳಬೇಕಿದ್ದ ಪ್ರಶ್ನೆ: ಛೆಟ್ರಿ ಜಾಗಕ್ಕೆ ಅವರ ಹಿಂದೆ ಯಾಕೆ ಯಾರೂ ಬರಲಿಲ್ಲ? ಐಎಸ್ಎಲ್ ಕ್ಲಬ್ಬುಗಳು ಮೊದಲಿಂದಲೂ ಮುಂದೆ ನಿಂತು ಗೋಲ್ ಹೊಡೆಯೋ ನಂಬರ್ ನೈನ್ ಜಾಗಕ್ಕೆ ಫಾರಿನ್ನವರನ್ನೇ ತರ್ತವೆ, ನಮ್ಮ ಹುಡುಗರನ್ನ ವಿಂಗಿಗೆ ತಳ್ತಾರೆ, ಇಲ್ಲ ಬೆಂಚಲ್ಲಿ ಕೂರಿಸ್ತಾರೆ. ವರ್ಷಗಟ್ಟಲೆ ಸೈಡ್‌ಲೈನ್ ಪಕ್ಕ ಓಡಿಸಿದ ಹುಡುಗನಿಗೆ ಒಂದಿನ ದೇಶದ ಜೆರ್ಸಿ ಹಾಕಿ ಹೋಗಪ್ಪ ಗೋಲ್ ಹೊಡಿ ಅಂದ್ರೆ ಹೆಂಗೆ ಹೊಡೀತಾನೆ? ಇದಕ್ಕೆ ಮುದುಕನ್ನ ಬೈದು ಏನು ಪ್ರಯೋಜನ.

ತಿಪಟೂರು: ಮೇಷ್ಟ್ರೇ, ನನ್ನ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ನೀವೆಲ್ಲ ಮಾತೆತ್ತಿದ್ರೆ ಫ್ರೀಡಂ ಪಾರ್ಕ್ ಅಂತೀರಿ. ಮಕ್ಕಳ ಪಾಠದ ಗತಿ ಏನು? ತಿಂಗಳಾ ತಿಂಗಳಾ ಸಂಬಳ ಬರುತ್ತಲ್ಲ, ಇನ್ನೂ ಏನು ಬೇಕು?

ಅಮ್ಮಾ, ನಿಮ್ಮ ಸಿಟ್ಟು ನ್ಯಾಯವಾದದ್ದೇ, ಅದಕ್ಕೆ ಸಮಾಧಾನವಾಗಿ ಹೇಳ್ತೀನಿ. 2023ರ ಮಾರ್ಚ್ 1ರ ಮುಷ್ಕರ ತಗೊಳ್ಳಿ. ರಾಜ್ಯದ ಎಲ್ಲ ಸರ್ಕಾರಿ ನೌಕರರು ಕೆಲಸ ಬಿಟ್ರು, ನಾವೂ ಬಿಟ್ವಿ. ಬೇಡಿಕೆ ಎರಡು, ಏಳನೇ ವೇತನ ಆಯೋಗದ ವರದಿ ಬರೋ ತನಕ ಮಧ್ಯಂತರ ಪರಿಹಾರ, ಮತ್ತೆ ಹಳೇ ಪಿಂಚಣಿ. ಅನಿರ್ದಿಷ್ಟಾವಧಿ ಅಂತ ಶುರುವಾಗಿದ್ದು ಅವತ್ತೇ ಮುಗೀತು, ಸರ್ಕಾರ 17% ಕೊಡ್ತೀವಿ ಅಂತ ಆದೇಶ ಮಾಡ್ತು. ಆಯೋಗದ ಪೂರ್ತಿ ಹೆಚ್ಚಳ ಕೈಗೆ ಬಂದಿದ್ದು 2024 ಆಗಸ್ಟ್‌ನಿಂದ. ಮಕ್ಕಳಿಗೆ ನಷ್ಟ ಆಗಿದ್ದು ಒಂದು ದಿನ. ಅದು ನಷ್ಟ ಅಲ್ಲ ಅಂತ ನಾನು ಹೇಳಲ್ಲ.

ಪಿಂಚಣಿ ವಿಷಯ ನಿಮ್ಮ ಕಡೆ ಯಾರೂ ಬಿಡಿಸಿ ಹೇಳಿರಲ್ಲ ಅನ್ಸುತ್ತೆ. 2006 ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್ ಅನ್ನೋ ಹೊಸ ಪಿಂಚಣಿ, ಮೂಲ ವೇತನ ತುಟ್ಟಿಭತ್ಯೆ ಸೇರಿಸಿ ಅದರಲ್ಲಿ 10% ಪ್ರತಿ ತಿಂಗಳು ಕಟ್ ಆಗಿ ಮಾರುಕಟ್ಟೆಗೆ ಹೋಗುತ್ತೆ, ಅರವತ್ತಕ್ಕೆ ಎಷ್ಟು ಸಿಗುತ್ತೆ ಅನ್ನೋದು ಆವತ್ತಿನ ಮಾರುಕಟ್ಟೆ ಕೈಲಿ. ಅದೇ ಸ್ಟಾಫ್‌ರೂಮಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತ ಹಿರಿಯರು 2005ರಲ್ಲಿ ಸೇರಿದ್ದಕ್ಕೆ ಖಾತ್ರಿ ಪಿಂಚಣಿ ಲೆಕ್ಕ ಹಾಕ್ತಿರ್ತಾರೆ. ಒಂದೇ ಕೆಲಸ, ಒಂದೇ ಬೆಲ್ಲು.

ಇನ್ನು ಪಾಠದ ದಿನಗಳ ಲೆಕ್ಕ. 2025ರಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ನಮ್ಮನ್ನೇ ಮನೆ ಮನೆಗೆ ಕಳಿಸಿದ್ರು, ಮುಗೀಲಿಲ್ಲ ಅಂತ ದಸರಾ ರಜೆನ ಅಕ್ಟೋಬರ್ 18ರ ತನಕ ಎಳೆದ್ರು. ಒಂದು ದಿನದ ಮುಷ್ಕರಕ್ಕೆ ಮಕ್ಕಳ ಭವಿಷ್ಯ ಅಂತ ಟಿವಿಯಲ್ಲಿ ಗಂಟಲು ಹರ್ಕೊಂಡವರು ಆ ಹೆಚ್ಚುವರಿ ದಿನಗಳಿಗೆ ಎಲ್ಲಿ ಹೋಗಿದ್ರು? ಆದ್ರೆ ಒಂದು ಒಪ್ಕೋತೀನಿ, ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆ ಕೈ ಹಾಕಬಾರದು. 2016ರಲ್ಲಿ ಪಿಯು ಕೆಮಿಸ್ಟ್ರಿ ಪೇಪರ್ ಎರಡು ಸಲ ಲೀಕ್ ಆಗಿ ಮಕ್ಕಳು ಮೊದಲೇ ಕಂಗೆಟ್ಟಿದ್ದಾಗ ಪಿಯು ಉಪನ್ಯಾಸಕರು ವೇತನ ತಾರತಮ್ಯಕ್ಕಾಗಿ ಮೌಲ್ಯಮಾಪನ ಬಹಿಷ್ಕಾರ ಮಾಡಿದ್ರು. ಬೇಡಿಕೆ ಸರಿ ಇತ್ತು, ಸಮಯ ಕೆಟ್ಟದಾಗಿತ್ತು, ಸಿಇಟಿ ಬಾಗಿಲಲ್ಲಿ ನಿಂತ ಮಕ್ಕಳ ಅಪ್ಪ ಅಮ್ಮ ಆವತ್ತು ನಮ್ಮ ಮೇಲೆ ಕಳ್ಕೊಂಡ ನಂಬಿಕೆ ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. ಮಗಳಿಗೆ ಗಣಿತದಲ್ಲಿ ಪ್ರಮೇಯ ಬರೆದು ಬರೆದು ಕಲಿಯೋಕೆ ಹೇಳಿ, ಓದಿದ್ರೆ ಸಾಲಲ್ಲ.

ಕಾಸರಗೋಡು: ಸಾರ್, ನಾವು ಮನೆಯಲ್ಲಿ ಕನ್ನಡ, ಸ್ಟೇಡಿಯಂನಲ್ಲಿ ಹಳದಿ. 2023ರಲ್ಲಿ ನಿಮ್ಮ ಕಂಠೀರವದಲ್ಲಿ ನಮ್ಮ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದಾಗ ಹೇಡಿಗಳು ಅಂದ್ರಿ. ಶಾಲೆ ಬಿಟ್ಟು ಬೀದಿಗೆ ಬಂದ್ರೆ ಮಾತ್ರ ಹೋರಾಟವಾ?

ಒಳ್ಳೆ ಗೂಗ್ಲಿ ಹಾಕಿದ್ರಿ ಮಾರಾಯ್ರೇ, ಅದೂ ಎರಡೂ ಒಂದೇ ವಾರದಲ್ಲಿ ಆಗಿದ್ದು, ನಮ್ಮ ಮುಷ್ಕರ ಮಾರ್ಚ್ 1, ನಿಮ್ಮ ವಾಕೌಟ್ ಮಾರ್ಚ್ 3. ಎಕ್ಸ್‌ಟ್ರಾ ಟೈಮಲ್ಲಿ ನಿಮ್ಮವರು ಇನ್ನೂ ಗೋಡೆ ಕಟ್ಟೋ ಮೊದಲೇ ಛೆಟ್ರಿ ಫ್ರೀಕಿಕ್ ಒಳಗೆ ಹಾಕಿದ್ರು, ರೆಫರಿ ಗೋಲ್ ಅಂದ್ರು, ಕೋಚ್ ಇವಾನ್ ವುಕೊಮನೊವಿಚ್ ಹುಡುಗರನ್ನ ಕರ್ಕೊಂಡು ಹೊರಟೇಬಿಟ್ರು. ಗೋಲು ನಿಯಮದ ಪ್ರಕಾರ ಸರಿ, ಸ್ವಲ್ಪ ಕಿಲಾಡಿತನ ಇತ್ತು ಅನ್ನೋದೂ ಸರಿ. ನಮ್ಮದಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಏನಂದ್ರೆ ನಾವು ಮೊದಲೇ ದಿನಾಂಕ ಹೇಳಿ, ಬೇಡಿಕೆ ಬರೆದುಕೊಟ್ಟು, ಮಾತುಕತೆಗೆ ಬಾಗಿಲು ತೆಗೆದಿಟ್ಟು ಕೂತ್ವಿ. ನಿಮ್ಮವರು ಸಿಟ್ಟಲ್ಲಿ ಎದ್ದು ಹೋದ್ರು, ಕ್ಲಬ್ಬಿಗೆ 4 ಕೋಟಿ ದಂಡ, ಕೋಚಿಗೆ 10 ಮ್ಯಾಚ್ ನಿಷೇಧ, ಸೆಮಿಫೈನಲ್ ಜಾಗ ನಮಗೆ. ಹೇಡಿಗಳು ಅಂತ ಮಾತ್ರ ನಾನು ಕೂಗಿಲ್ಲ, ಬೇರೆ ಏನೇನೋ ಕೂಗಿದೀನಿ, ಅದನ್ನ ಈ ಪತ್ರಿಕೆ ಅಚ್ಚು ಹಾಕಲ್ಲ.

ಹಾಗಂತ ಮುಷ್ಕರ ನಮ್ಮ ಹಕ್ಕು ಅಂತ ಎದೆ ತಟ್ಟೋ ಹಾಗೂ ಇಲ್ಲ. 2003ರಲ್ಲಿ ತಮಿಳುನಾಡಲ್ಲಿ ಲಕ್ಷಕ್ಕೂ ಜಾಸ್ತಿ ನೌಕರರು, ಮೇಷ್ಟ್ರುಗಳೂ ಸೇರಿ, ಮುಷ್ಕರಕ್ಕೆ ಕೂತು ಕೆಲಸ ಕಳ್ಕೊಂಡ್ರು, ಸರ್ಕಾರಿ ನೌಕರರಿಗೆ ಮುಷ್ಕರ ಮೂಲಭೂತ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟೇ ಹೇಳ್ತು. ಅದಕ್ಕೇ ನಮ್ಮ ಸಂಘದವರು ಮೊದಲು ತೋಳಿಗೆ ಕಪ್ಪು ಪಟ್ಟಿ, ಆಮೇಲೆ ಮನವಿ, ಕೊನೆಗೆ ಫ್ರೀಡಂ ಪಾರ್ಕ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತೋದು.

ಹಾಸನ: ಛೆಟ್ರಿ 41ಕ್ಕೂ ಓಡ್ತಾರೆ. ನೀವು ಮೇಷ್ಟ್ರುಗಳು ಐವತ್ತಕ್ಕೇ ಮಂಡಿ ನೋವು ಅಂತೀರಲ್ಲ?

ಅವರಿಗೆ ಫಿಸಿಯೋ ಇದಾರೆ. ನಮಗೆ ಚುನಾವಣೆ ಡ್ಯೂಟಿ ಇದೆ.

ಕೊಪ್ಪಳ: ಸರ್, ನಾನು ಅತಿಥಿ ಶಿಕ್ಷಕಿ. ನಿಮ್ಮ ಮುಷ್ಕರದ ದಿನ ಶಾಲೆ ತೆಗೆದು ಪಾಠ ಮಾಡಿದವರು ನಾವು. ನಮ್ಮ ಪರವಾಗಿ ನೀವು ಯಾವತ್ತಾದ್ರೂ ಒಂದು ದಿನ ಕೆಲಸ ಬಿಟ್ಟಿದೀರಾ?

ಇಲ್ಲ ಮೇಡಂ. ಬಿಡಬೇಕಿತ್ತು, ಸಂಘದ ಮೀಟಿಂಗಲ್ಲಿ ಈ ಮಾತು ಎತ್ತಿದ್ರೆ ಅದು ಬೇರೆ ವಿಷಯ ಅಂತ ಮುಂದೆ ಹೋಗ್ತಾರೆ. ಬೇರೆ ವಿಷಯ ಅಲ್ಲವೇ ಅಲ್ಲ. ನಿವೃತ್ತಿ ಆದವರ ಜಾಗಕ್ಕೆ ಕಾಯಂ ನೇಮಕ ಮಾಡಲ್ಲ, ಜೂನ್ ಬಂದ ಮೇಲೆ ಅತಿಥಿ ಅಂತ ಕರೀತಾರೆ, ಏಪ್ರಿಲ್ ಮೇನಲ್ಲಿ ಸಂಬಳ ಇಲ್ಲ. ಪ್ರೈಮರಿಗೆ 10,000, ಹೈಸ್ಕೂಲಿಗೆ 10,500 ಇದ್ದಿದ್ದನ್ನ 2025ರ ಬಜೆಟ್‌ನಲ್ಲಿ 2,000 ಜಾಸ್ತಿ ಮಾಡಿದ್ರು, ಅದೇ ದೊಡ್ಡ ಸುದ್ದಿ. ಸರ್ಕಾರಿ ನೌಕರನ ಕನಿಷ್ಠ ಮೂಲ ವೇತನ ಹೊಸ ಆಯೋಗದ ಪ್ರಕಾರ 27,000. ಬಿಎಡ್ ಮಾಡಿ ಟಿಇಟಿ ಪಾಸಾದವರಿಗೆ ಅದರ ಅರ್ಧವೂ ಇಲ್ಲ.

ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರು 2023ರ ನವೆಂಬರ್‌ನಿಂದ ತರಗತಿ ಬಹಿಷ್ಕರಿಸಿ ಕೂತು ಒಂದಷ್ಟು ಗೌರವಧನ ಏರಿಸ್ಕೊಂಡ್ರು. ಕಾಯಂ ಆಗಲಿಲ್ಲ. ಮೇಲಿನ ಆಸ್ಟಿನ್ ಟೌನಿನವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ, ಬೆಂಚಲ್ಲಿ ಇರೋರನ್ನ ತಂಡಕ್ಕೆ ಸೇರಿಸ್ಕೊಳ್ಳದೆ ಬರೀ ದಿನ ದೂಡೋಕೆ ಬಳಸ್ಕೊಳ್ಳೋ ಇಲಾಖೆಗೆ ಹತ್ತು ವರ್ಷ ಆದ ಮೇಲೆ ಒಳ್ಳೆ ಮೇಷ್ಟ್ರು ಎಲ್ಲಿಂದ ಸಿಗ್ತಾರೆ? ನಮ್ಮ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಖಾಲಿ ಹುದ್ದೆ ಭರ್ತಿ ಮೊದಲನೇದು, ತುಟ್ಟಿಭತ್ಯೆ ಎರಡನೇದು ಆಗ್ಬೇಕು ಅಂತ ನಾನು ತಾಲ್ಲೂಕು ಸಭೆಯಲ್ಲಿ ಹೇಳಿದೀನಿ, ಇನ್ನೂ ಹೇಳ್ತೀನಿ, ಬೈಸ್ಕೊಂಡ್ರೂ ಪರವಾಗಿಲ್ಲ.

ಹಲಸೂರು, ಬೆಂಗಳೂರು: 2025 ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಆಟಗಾರರ ಸಂಬಳವನ್ನೇ ನಿಲ್ಲಿಸ್ತು. ಅವರೂ ನಿಮ್ಮ ಹಾಗೆ ಮುಷ್ಕರ ಮಾಡಬೇಕಿತ್ತಲ್ವಾ?

ಮುಷ್ಕರ ಮಾಡೋಕೆ ಕೆಲಸ ಇರ್ಬೇಕಲ್ಲ ಸ್ವಾಮಿ! ಫೆಡರೇಶನ್ನಿಗೂ ಲೀಗ್ ನಡೆಸೋ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯೋದಿತ್ತು, ಹೊಸದು ಆಗಲಿಲ್ಲ, ಸೀಸನ್ ಸಮಯಕ್ಕೆ ಶುರುವಾಗಲಿಲ್ಲ, ಕ್ಲಬ್ಬಿನವರು ಸಂಬಳ ನಿಲ್ಲಿಸಿದ್ರು. ನಾವು ಪಾಠ ನಿಲ್ಲಿಸಿದ್ರೆ ಸರ್ಕಾರಕ್ಕೆ ಬಿಸಿ ತಟ್ಟುತ್ತೆ, ಮ್ಯಾಚೇ ಇಲ್ಲದವನು ಯಾವುದನ್ನ ನಿಲ್ಲಿಸ್ತಾನೆ? ಛೆಟ್ರಿಯಂಥವರಿಗೆ ನಾಲ್ಕು ತಿಂಗಳು ಸಂಬಳ ಇಲ್ದಿದ್ರೂ ಮನೆ ನಡೆಯುತ್ತೆ. ಕಿಟ್ ಮ್ಯಾನು, ಮಸಾಜ್ ಮಾಡೋರು, ರಿಸರ್ವ್ ಟೀಮಿನ ಹದಿನೆಂಟರ ಹುಡುಗ, ಇವರ ಬಗ್ಗೆ ಯಾರು ಬರೀತಾರೆ. ಆಟಗಾರರಿಗೂ ನಮ್ಮಂಥ ಗಟ್ಟಿ ಸಂಘ ಬೇಕು, ಬರೀ ವಿಡಿಯೋ ಬಿಟ್ಟು ಕೈ ಮುಗಿದ್ರೆ ಆಗಲ್ಲ.

ಶಿವಮೊಗ್ಗ: ಛೆಟ್ರಿ ಕ್ಲಬ್ಬನ್ನೂ ಬಿಟ್ಟ ಮೇಲೆ ಕಂಠೀರವಕ್ಕೆ ಹೋಗ್ತೀರಾ?

ಹೋಗ್ತೀನಿ. ಅದಕ್ಕಿಂತ ಮೊದಲು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋಗ್ತೀನಿ, ಅಲ್ಲಿ ಬೆಂಗಳೂರು ಜಿಲ್ಲಾ ಲೀಗ್ ನಡೆಯುತ್ತೆ, ಗೌತಮಪುರ ಆಸ್ಟಿನ್ ಟೌನ್ ಹುಡುಗರು ಆಡ್ತಾರೆ, ಗ್ಯಾಲರಿಯಲ್ಲಿ ಜನ ಕಮ್ಮಿ. ಅಲ್ಲಿ ಇನ್ನೂ ನಂಬರ್ ನೈನ್ ನಮ್ಮವನೇ. ಬೆಂಗಳೂರಿಗೆ ಬಂದಾಗ ನೀವೂ ಬನ್ನಿ, ಕಡ್ಲೆಕಾಯಿ ನಂದು.