ಹಾರ್ಡ್‌ವಿಕ್ ಹಾಲ್‌ಗೆ ಅಷ್ಟೊಂದು ಕಿಟಕಿ ಯಾಕೆ? ಗೋಡೆ ಹೇಗೆ ನಿಂತಿದೆ?

ಮುಖ್ಯವಾಗಿ ಸಿರಿವಂತಿಕೆ ತೋರಿಸಲು. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಈ ಕಲ್ಲಿನ ಬಂಗಲೆಯನ್ನು 1590ರ ದಶಕದಲ್ಲಿ ಕಟ್ಟಿಸಿದ್ದು ಬೆಸ್ ಎಂಬ ಶ್ರೀಮಂತ ವಿಧವೆ. ವಿನ್ಯಾಸ ರಾಬರ್ಟ್ ಸ್ಮಿತ್ಸನ್‌ದು ಎನ್ನುತ್ತಾರೆ. ಆಗ ಗಾಜು ಬಲು ದುಬಾರಿ. ಮರಳುಗಲ್ಲು ಮಾತ್ರ ಅಲ್ಲೇ ಹತ್ತಿರ ಸಿಗುತ್ತಿತ್ತು.

ಗುಟ್ಟು ಒಳಗಿದೆ. ಹೊಗೆಗೂಡುಗಳನ್ನು ಹೆಚ್ಚಾಗಿ ಒಳಗೋಡೆಗಳಲ್ಲೇ ಸೇರಿಸಿದ್ದಾರೆ. ಭಾರವನ್ನೂ ದಪ್ಪನೆಯ ಒಳಗೋಡೆಗಳು ಹೊರುತ್ತವೆ. ಹಾಗಾಗಿ ಹೊರಗೋಡೆಯಲ್ಲಿ ಕಿಟಕಿಗೆ ಜಾಗ ಜಾಸ್ತಿ. ಸಾಲು ಕೆಡಬಾರದೆಂದು ಕೆಲವು ಕಡೆ ಸುಳ್ಳು ಕಿಟಕಿಗಳೂ ಇವೆ!

ಮೇಲೆ ಹೋದಷ್ಟೂ ಕಿಟಕಿ ಎತ್ತರವಾಗುತ್ತದೆ. ಅತಿಥಿಗಳನ್ನು ಬೆರಗುಗೊಳಿಸುವ ದೊಡ್ಡ ಕೋಣೆಗಳು ಮೇಲಿನ ಮಹಡಿಯಲ್ಲಿವೆ. ಆರು ಗೋಪುರಗಳ ತಲೆಯ ಮೇಲೆ ಬೆಸ್‌ಳ ಹೆಸರಿನ ಅಕ್ಷರ, ‘ಇ ಎಸ್’, ಅಂದರೆ ಎಲಿಜಬೆತ್ ಶ್ರೂಸ್‌ಬರಿ (ಎಲಿಜಬೆತ್‌ನ ಮುದ್ದಿನ ರೂಪವೇ ಬೆಸ್). ನಾಚಿಕೆಯ ಸ್ವಭಾವವಂತೂ ಅಲ್ಲ, ಅಲ್ವಾ? ಚಳಿಗಾಲದಲ್ಲಿ ಆ ಗಾಜಿನ ಮನೆ ಹೇಗೆ ನಡುಗಿಸಿರಬೇಡ!