ಜೋಳದ ಹಿಟ್ಟಿನ ಬಿಸ್ಕಿಟ್ ಪುಡಿಯಾಗದಂತೆ ಮಾಡುವುದು ಹೇಗೆ?

ಅಕ್ಕಾರ, ಮಗನಿಗೆ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕರುಳಿಗೆ ಹಾನಿ ಮಾಡುವ ಕಾಯಿಲೆ) ಎಂದು ಡಾಕ್ಟರು ಗೋಧಿ ಬಿಡಿಸಿದ್ದಾರೆ, ಜೋಳದ ಹಿಟ್ಟು, ಬೆಲ್ಲ, ತುಪ್ಪ ಹಾಕಿ ಬಿಸ್ಕಿಟ್ ಮಾಡಿದರೆ ಎತ್ತುವಾಗಲೇ ಪುಡಿಯಾಗುತ್ತದೆ, ತಿಂದರೆ ಮರಳು ಅಗಿದಂತಾಗುತ್ತದೆ ಎಂದು ಬರೆದಿದ್ದೀರಿ. ಎರಡಕ್ಕೂ ಉಪಾಯವಿದೆ. ಆದರೆ ನೀವು ಕೇಳದ ಒಂದು ಮಾತು ಮೊದಲು: ಹಿಟ್ಟು ಎಲ್ಲಿ ಬೀಸಿಸಿದ್ದೀರಿ?

ಓಣಿಯ ಗಿರಣಿಯಲ್ಲಿ ನಿಮಗಿಂತ ಮುಂಚೆ ಗೋಧಿ ಹಾಕಿಸಿದವರ ಹಿಟ್ಟು ಕಲ್ಲಿನಲ್ಲಿ ಉಳಿದೇ ಇರುತ್ತದೆ. ಗ್ಲುಟೆನ್ ರಹಿತ ಎನ್ನಲು ನಮ್ಮ ದೇಶದ ಆಹಾರ ನಿಯಮದ ಮಿತಿ ಕಿಲೋಗೆ 20 ಮಿಲಿಗ್ರಾಂ ಮಾತ್ರ. ಅಷ್ಟನ್ನು ದಾಟಲು ಒಂದು ಚಿಟಿಕೆ ಗೋಧಿ ಹಿಟ್ಟು ಸಾಕು. ಹಾಗಾಗಿ ಜೋಳವನ್ನು ಕೂತು ಹಸನ ಮಾಡಿ (ಕಿರಾಣಿ ಜೋಳದಲ್ಲಿ ಗೋಧಿ ಕಾಳು ಸಿಗುವುದುಂಟು), ಜೋಳಕ್ಕೇ ಮೀಸಲಿಟ್ಟ ಮನೆಗಿರಣಿಯಲ್ಲಿ ಅಥವಾ ಮಿಕ್ಸರ್‌ನಲ್ಲಿ ಬೀಸಿ. ಸಾಣಿಗೆಯೂ ಬೇರೆ ಇರಲಿ. ಬೇಕರಿ ಭಟ್ಟಿಗೆ ಕೊಟ್ಟು ಬೇಯಿಸಿಕೊಳ್ಳಬೇಡಿ, ಅಲ್ಲಿ ಗಾಳಿಯಲ್ಲೂ ಮೈದಾ. ರವೆ, ಖಪಲಿ ಗೋಧಿ, ಜವೆಗೋಧಿ ಇವುಗಳಲ್ಲೂ ಗ್ಲುಟೆನ್ ಇದೆ. "ಖಪಲಿ ನಡೀತದ" ಎಂದು ಯಾರು ಹೇಳಿದರೂ ಕೇಳಬೇಡಿ.

ಜೋಳ ಹಿಂಗಾರಿಯ ಮಾಲದಂಡಿ ತಳಿಯದೇ ಆಗಲಿ. ವಿಜಯಪುರದ ಕಡೆ ಅದು ಸುಲಭವಾಗಿ ಸಿಗುತ್ತದೆ, ಹಿಟ್ಟೂ ಬೆಳ್ಳಗೆ ಸಿಹಿಯಾಗಿ ಬರುತ್ತದೆ. ಬೀಸಿ ವಾರದೊಳಗೆ ಬಳಸಿ, ಎರಡು ಸಲ ಸಾಣಿಸಿ.

ಇನ್ನು ಅಳತೆ. ಚಮಚದ ಲೆಕ್ಕ ಕೈಕೊಡುತ್ತದೆ, ತಕ್ಕಡಿ ಇದ್ದರೆ ಬಳಸಿ. ಜೋಳದ ಹಿಟ್ಟು 200 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ ಪುಡಿ 40 ಗ್ರಾಂ, ಹುರಿದ ಎಳ್ಳು 20 ಗ್ರಾಂ, ತುರಿದ ಬೆಲ್ಲ 110 ಗ್ರಾಂ, ತುಪ್ಪ 100 ಗ್ರಾಂ, ಅಗಸಿ ಪುಡಿ 1 ಟೇಬಲ್ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಚಿಟಿಕೆ ಉಪ್ಪು, ಏಲಕ್ಕಿ. ಅಗಸಿ ಅಂದರೆ ಬರೀ ಅಗಸಿ, ಮನೆಯಲ್ಲಿರುವ ಚಟ್ನಿಪುಡಿ ಅಲ್ಲ! 20 ಗ್ರಾಂ ತೂಕದ ಬಿಸ್ಕಿಟ್ ಮಾಡಿದರೆ 25ರ ಆಸುಪಾಸು ಆಗುತ್ತವೆ.

ಪುಡಿಯಾಗುವುದಕ್ಕೆ ಮದ್ದು ಈ ಅಗಸಿಯೇ. ಗೋಧಿ ಹಿಟ್ಟಿಗೆ ನೀರು ಬಿದ್ದರೆ ಗ್ಲುಟೆನ್ ಬಲೆಯಂತೆ ಹೆಣೆದುಕೊಂಡು ಹಿಡಿದಿಡುತ್ತದೆ. ಜೋಳದಲ್ಲಿ ಆ ಬಲೆ ಇಲ್ಲ. ಅಗಸಿ ಪುಡಿಯನ್ನು 3 ಟೇಬಲ್ ಚಮಚ ಬೆಚ್ಚಗಿನ ನೀರಿನಲ್ಲಿ 10 ನಿಮಿಷ ನೆನೆಸಿದರೆ ಲೋಳೆ ಬರುತ್ತದೆ, ಅದೇ ಅಂಟು. ರೊಟ್ಟಿಗೆ ಮಾಡಿದಂತೆ ಎಸರು ಹಾಕಿ ಜಿಗಿ ತಂದರಾಯಿತಲ್ಲ ಎಂದು ಅನಿಸಬಹುದು. ಬೇಡ. ಬಿಸ್ಕಿಟ್ ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗುತ್ತದೆ. ಗೋಕಾಕ ಕರದಂಟಿನಲ್ಲಿ ಹಾಕುವ ಅಂಟನ್ನೂ ಇದಕ್ಕೆ ಸೇರಿಸಬೇಡಿ. ಕರಿದ ಅಂಟು ಕುರುಕಲು ರುಚಿ ಕೊಡುತ್ತದೆ, ಹಿಡಿದಿಡುವುದಿಲ್ಲ.

ತುಪ್ಪ ಗಟ್ಟಿಯಾಗಿ, ಹರಳು ಹರಳಾಗಿ ಇರಬೇಕು. ಬೇಸಿಗೆಯಲ್ಲಿ ನಮ್ಮಲ್ಲಿ ತುಪ್ಪ ತಾನೇ ಕರಗಿರುತ್ತದೆ, ಆಗ ಸ್ವಲ್ಪ ಹೆಪ್ಪಾಗುವವರೆಗೆ ಫ್ರಿಜ್‌ನಲ್ಲಿಡಿ. ಕರಗಿದ ತುಪ್ಪ ಹಾಕಿದರೆ ಬಿಸ್ಕಿಟ್ ಹರಡಿ ಚಪ್ಪಟೆಯಾಗುತ್ತದೆ. ತುಪ್ಪ, ಬೆಲ್ಲ ಸೇರಿಸಿ ಮೂರ್ನಾಲ್ಕು ನಿಮಿಷ ಚೆನ್ನಾಗಿ ತಿಕ್ಕಿ, ಅಗಸಿ ಲೋಳೆ ಹಾಕಿ, ಆಮೇಲೆ ಒಣ ಸಾಮಾನೆಲ್ಲ ಕಲಸಿ. ಮಹಾಲಿಂಗಪುರ, ಮುಧೋಳ ಕಡೆಯ ಕಂದು ಬೆಲ್ಲ ಒಳ್ಳೆಯದು. ತೀರಾ ಹಳದಿಯಾಗಿ ಹೊಳೆಯುವುದನ್ನು ಬಿಡಿ, ಬಣ್ಣ ತಿಳಿಯಾಗಲು ರಾಸಾಯನಿಕ ಹಾಕಿರುವ ಸಾಧ್ಯತೆ ಇರುತ್ತದೆ. ಬೆಲ್ಲವನ್ನು ಪಾಕ ಮಾತ್ರ ಮಾಡಬೇಡಿ, ಬಿಸ್ಕಿಟ್ ಕಲ್ಲಾಗುತ್ತದೆ. ಗಂಟು ಉಳಿದರೆ ಅದು ಅಲ್ಲೇ ಕರಗಿ, ಸುಟ್ಟು, ತಟ್ಟೆಗೆ ಅಂಟುತ್ತದೆ.

ಮರಳು ಮರಳಾಗುವುದಕ್ಕೆ ಕಾರಣ ನೀರು ಕುಡಿಯದ ಹಿಟ್ಟು. ಜೋಳದ ಹಿಟ್ಟು ನಿಧಾನ ನೆನೆಯುತ್ತದೆ. ಕಲಸಿದ ಮೇಲೆ ಮುಚ್ಚಿ 40 ನಿಮಿಷ ಬಿಡಿ. ಹೆಚ್ಚಿನವರು ತಪ್ಪಿಸುವುದು ಇದನ್ನೇ. ಆಮೇಲೆ ಉಂಡೆ ಮಾಡಿ ಒತ್ತಿದಾಗ ಅಂಚು ಸೀಳಿದರೆ ಒಂದೊಂದೇ ಟೀ ಚಮಚ ಹಾಲು ಸೇರಿಸಿ, ಕೈಗೆ ಅಂಟುವಷ್ಟು ಬೇಡ. ದಪ್ಪ ಮುಕ್ಕಾಲು ಸೆಂಟಿಮೀಟರ್ ಇರಲಿ.

ಒವನ್ ಅನ್ನು 160 ಡಿಗ್ರಿಗೆ ಮೊದಲೇ ಕಾಯಿಸಿ, 16ರಿಂದ 18 ನಿಮಿಷ. ಅಂಚು ಕೆಂಪಾದಾಗ ತೆಗೆಯಿರಿ, ನಡುವೆ ಮೆತ್ತಗಿದ್ದರೂ ಸರಿ. ಬೆಲ್ಲ ಬೇಗ ಕರಗಿ ಕಪ್ಪಾಗುವುದರಿಂದ 180ಕ್ಕೆ ಏರಿಸಬೇಡಿ. ಒವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಒಂದು ಇಂಚು ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ, ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಕುಕ್ಕರ್ ಬಳಸಿದರೆ ರಬ್ಬರ್ ರಿಂಗು, ಸೀಟಿ ಎರಡನ್ನೂ ತೆಗೆದಿರಬೇಕು.

ಬಿಸಿ ಇರುವಾಗ ಮುಟ್ಟಬೇಡಿ. ತಟ್ಟೆಯಲ್ಲೇ 20 ನಿಮಿಷ ಆರಲಿ. ತುಪ್ಪ, ಬೆಲ್ಲ ಗಟ್ಟಿಯಾದ ಮೇಲೆಯೇ ಬಿಸ್ಕಿಟ್‌ಗೆ ಹಿಡಿತ ಬರುವುದು. ನಿಮ್ಮದು ಎತ್ತುವಾಗ ಒಡೆಯುವುದಕ್ಕೆ ಅರ್ಧ ಕಾರಣ ಇದೇ ಇರಬಹುದು. ಬಿಗಿ ಡಬ್ಬಿಯಲ್ಲಿ ಹತ್ತು ದಿನ ಇರುತ್ತವೆ. ಮಳೆಗಾಲದಲ್ಲಿ ಬೆಲ್ಲ ತೇವ ಎಳೆದುಕೊಂಡು ಮೆತ್ತಗಾದರೆ 150 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿ, ಮತ್ತೆ ಆರಲು ಬಿಡಿ. ಜೋಳದ ಕಾಲು ಭಾಗ ಸಜ್ಜೆ ಹಿಟ್ಟು ಹಾಕಿಯೂ ಮಾಡಬಹುದು. ಸಜ್ಜೆ ಹಿಟ್ಟು ಬೇಗ ಕಹಿಯಾಗುವುದರಿಂದ ಅಂದೇ ಬೀಸಿದ್ದನ್ನು ಅಂದೇ ಬಳಸಿ.